ರೋಮನ್ ಹಜಾರ ಇಗರ್ಜಿಯಾದ ಕಥೆ: ಆರಂಭದ ಕ್ರೈಸ್ತ ಬೆಸಿಲಿಕಾಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಇಗರ್ಜಿಗಳ ಚಿತ್ರ ತೋರಿಸಿ ಮಾತಾಡುವುದು ನನಗೊಂದು ಚಟ. ಎಲ್ಲಿ ಮಾತಾಡಿದರೂ ಕೊನೆಗೆ ಏಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಆಮೇಲೆ ಬರುವ ಪತ್ರಗಳಲ್ಲೂ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಇಲ್ಲಿ ಹೇಳುವುದು ಸುಮಾರು 313ರಿಂದ 600ರವರೆಗಿನ ಕಟ್ಟಡಗಳ ಬಗ್ಗೆ. ರೋಮ್ ಮತ್ತು ಇಟಲಿಯದೇ ಇನ್ನೊಂದು ಊರಾದ ರವೆನ್ನಾದ ಮಾತು ಜಾಸ್ತಿ, ಏಕೆಂದರೆ ನನಗೆ ಇಷ್ಟವಾದವು ಅಲ್ಲಿವೆ. ನೇವ್‌ಗೆ ನಡುಹಜಾರ ಎಂದೂ ಐಲ್‌ಗೆ ಪಕ್ಕಸಾಲು ಎಂದೂ ಬರೆದಿದ್ದೇನೆ. ಏಪ್ಸ್‌ಗೆ ಒಳ್ಳೆ ಕನ್ನಡ ಪದ ಸಿಗಲಿಲ್ಲ. ಅದು ಹಜಾರದ ತುದಿಗೋಡೆಯಲ್ಲಿ ಅರ್ಧಚಂದ್ರದಂತೆ ಹೊರಕ್ಕೆ ಉಬ್ಬಿರುವ ಭಾಗ. ಅದರ ಮೇಲೆ ಅರ್ಧ ಗುಮ್ಮಟ ಇರುತ್ತದೆ.

## ಮೊದಲು ಕೇಳುವವು

ಬೆಸಿಲಿಕಾ ಅಂದ್ರೆ ದೊಡ್ಡ ಚರ್ಚ್ ಅಂತ ತಾನೇ?

ಅಲ್ಲ. ಈ ಪದಕ್ಕೆ ಎರಡು ಅರ್ಥ ಇವೆ, ಗೊಂದಲ ಶುರುವಾಗುವುದೇ ಅಲ್ಲಿ. ಒಂದು, ಕಟ್ಟಡದ ಆಕಾರ. ಉದ್ದನೆಯ ಹಜಾರ, ಅದರ ಎರಡೂ ಬದಿ ಕಂಬಗಳ ಸಾಲು, ಕಂಬಗಳಾಚೆ ತಗ್ಗಾದ ಪಕ್ಕಸಾಲುಗಳು, ನಡುವಿನ ಭಾಗ ಎತ್ತರ, ಆ ಎತ್ತರದಲ್ಲಿ ಕಿಟಕಿಗಳು. ಇಷ್ಟಿದ್ದರೆ ಅದು ಬೆಸಿಲಿಕಾ, ಒಳಗೆ ಪೂಜೆ ನಡೆಯಲಿ, ಸಂತೆ ನಡೆಯಲಿ. ಇನ್ನೊಂದು, ಕಥೋಲಿಕ ಸಭೆಯಲ್ಲಿ ಪೋಪ್ ಕೊಡುವ ಗೌರವದ ಪದವಿ. ಅದಕ್ಕೂ ಆಕಾರಕ್ಕೂ ಸಂಬಂಧ ಇಲ್ಲ. ಪದದ ಮೂಲ ಗ್ರೀಕ್. ಬೆಸಿಲಿಯಸ್ ಅಂದರೆ ರಾಜ, ಬೆಸಿಲಿಕೆ ಅಂದರೆ ರಾಜನಿಗೆ ಸೇರಿದ್ದು.

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ನೋಡಿದ್ದೀನಿ. ಅದೂ ಇದೇ ಥರದ್ದಾ?

ಅದು ಎರಡನೆಯ ಅರ್ಥದ ಬೆಸಿಲಿಕಾ. ಕಟ್ಟಡ 19ನೇ ಶತಮಾನದ್ದು, ಶೈಲಿ ಗಾಥಿಕ್. ಚೂಪು ಕಮಾನು, ಚೂಪು ಗೋಪುರ ಎಲ್ಲ ಇದೆ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಇಗರ್ಜಿಗೆ ಬೆಸಿಲಿಕಾ ಪದವಿ ಸಿಕ್ಕಿದ್ದು 2016ರಲ್ಲಿ. ಪದವಿ ಬಂತೆಂದು ಗೋಡೆಗಳೇನೂ ಬದಲಾಗಲಿಲ್ಲ. ಹಳೆ ಗೋವಾದ ಬೊಮ್ ಜೀಸಸ್ ಇನ್ನೂ ಒಳ್ಳೆ ಉದಾಹರಣೆ. ಹೆಸರು ಬೆಸಿಲಿಕಾ, ಒಳಗೆ ಹೋದರೆ ಪಕ್ಕಸಾಲುಗಳೇ ಇಲ್ಲ, ಒಂದೇ ಹಜಾರ. ಮೈಸೂರಿನ ಸಂತ ಫಿಲೋಮಿನಾ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಅದು ಕ್ಯಾಥೆಡ್ರಲ್, ಅಂದರೆ ಬಿಷಪ್ಪರ ಪೀಠ ಇರುವ ಇಗರ್ಜಿ. ಅದೇ ಬೇರೆ ಲೆಕ್ಕ.

ಕ್ರೈಸ್ತರಿಗಿಂತ ಮುಂಚೆ ಬೆಸಿಲಿಕಾದಲ್ಲಿ ಏನು ನಡೀತಿತ್ತು?

ಊರಿನ ಎಲ್ಲ ವ್ಯವಹಾರ. ರೋಮ್‌ನಲ್ಲಿ ನಮಗೆ ತಿಳಿದಿರುವ ಮೊದಲ ಬೆಸಿಲಿಕಾವನ್ನು ಕ್ರಿ.ಪೂ. 184ರಲ್ಲಿ ಹಿರಿಯ ಕೇಟೋ ಕಟ್ಟಿಸಿದ. ಬಿಸಿಲು ಮಳೆ ತಾಗದೆ ವ್ಯಾಪಾರ ಮಾಡಲು, ಲೇವಾದೇವಿ ನಡೆಸಲು, ನ್ಯಾಯ ಕೇಳಲು ಇಂಥ ಹಜಾರ ಬೇಕಿತ್ತು. ಒಂದು ಕಡೆ ಕಟ್ಟೆಯ ಮೇಲೆ ನ್ಯಾಯಾಧೀಶ ಕೂತಿರುತ್ತಿದ್ದ, ಪಕ್ಕದಲ್ಲೇ ಸಾಲ ಕೊಡುವವನ ಮೇಜು. ತಾಲ್ಲೂಕು ಕಚೇರಿ, ಕೋರ್ಟು, ಮಾರುಕಟ್ಟೆ ಮೂರನ್ನೂ ಒಂದೇ ಚಾವಣಿ ಕೆಳಗೆ ತಂದ ಹಾಗೆ ಅಂದುಕೊಳ್ಳಿ. ಟ್ರಾಜನ್ ಚಕ್ರವರ್ತಿ ಕಟ್ಟಿಸಿದ ಬೆಸಿಲಿಕಾ ಉಲ್ಪಿಯಾ ಇವುಗಳಲ್ಲಿ ಭಾರಿ ದೊಡ್ಡದು. ಕ್ರಿ.ಶ. 112ರಲ್ಲಿ ಮುಗಿಯಿತು. ಅದಕ್ಕೆ ಎರಡು ತುದಿಯಲ್ಲೂ ಒಂದೊಂದು ಏಪ್ಸ್, ನಡುಹಜಾರದ ನಾಲ್ಕೂ ಸುತ್ತ ಕಂಬ, ಜನ ಬರುವುದು ಉದ್ದ ಗೋಡೆಯ ಬಾಗಿಲಿಂದ. ಈ ಬಾಗಿಲಿನ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ಮುನ್ನೂರು ವರ್ಷ ಕ್ರೈಸ್ತರು ಎಲ್ಲಿ ಸೇರ್ತಿದ್ರು? ನೆಲದಡಿ ಕ್ಯಾಟಕೋಂಬ್‌ಗಳಲ್ಲಾ?

ಸಿನಿಮಾಗಳು ಹಾಗೆ ತೋರಿಸಿಬಿಟ್ಟಿವೆ. ಕ್ಯಾಟಕೋಂಬ್‌ಗಳು ಸ್ಮಶಾನಗಳು. ಸತ್ತವರ ನೆನಪಿಗೆ ಹೋಗುತ್ತಿದ್ದರು, ವಾರವಾರದ ಪ್ರಾರ್ಥನೆಗೆ ಅಲ್ಲ. ಸೇರುತ್ತಿದ್ದದ್ದು ಮನೆಗಳಲ್ಲಿ. ಸಿರಿಯಾದ ದೂರಾ-ಯುರೋಪಸ್ ಎಂಬ ಗಡಿ ಊರಿನಲ್ಲಿ ಅಂಥ ಒಂದು ಮನೆ ಸಿಕ್ಕಿದೆ. 230ರ ದಶಕದಲ್ಲಿ ಸಾಮಾನ್ಯ ಅಂಗಳದ ಮನೆಯೊಂದರ ನಡುಗೋಡೆ ಕೆಡವಿ ಸಭೆಗೆ ಕೋಣೆ ಮಾಡಿದ್ದರು. ಇನ್ನೊಂದು ಚಿಕ್ಕ ಕೋಣೆಯಲ್ಲಿ ಜ್ಞಾನಸ್ನಾನದ ತೊಟ್ಟಿ ಇಟ್ಟು ಗೋಡೆಗೆ ಚಿತ್ರ ಬರೆಸಿದ್ದರು. ಬೀದಿಯಿಂದ ನೋಡಿದರೆ ಪಕ್ಕದ ಮನೆಗೂ ಇದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಊರು 256ರ ಸುಮಾರಿಗೆ ಪರ್ಷಿಯನ್ನರ ಮುತ್ತಿಗೆಗೆ ಸಿಕ್ಕಿತು. ಕೋಟೆಗೋಡೆ ಭದ್ರ ಮಾಡಲು ಸೈನಿಕರು ಆ ಬೀದಿಗೆಲ್ಲ ಮಣ್ಣು ತುಂಬಿಸಿದ್ದರಿಂದ ಮನೆ ಹಾಗೇ ಉಳಿಯಿತು.

ದೇವಸ್ಥಾನಗಳು ಇದ್ದವಲ್ಲ, ಅವನ್ನೇ ಚರ್ಚ್ ಮಾಡ್ಕೊಳ್ಳಬಹುದಿತ್ತಲ್ವಾ?

ಇದು ಒಳ್ಳೆ ಪ್ರಶ್ನೆ, ನಮ್ಮವರಿಗೆ ಉತ್ತರ ಬೇಗ ಅರ್ಥವಾಗುತ್ತದೆ. ರೋಮನ್ ದೇವಸ್ಥಾನ ದೇವರ ಮನೆ, ಜನರ ಮನೆ ಅಲ್ಲ. ನಮ್ಮ ಗರ್ಭಗುಡಿಯ ಹಾಗೆ ಒಳಗೆ ಮೂರ್ತಿ ಇರುತ್ತಿತ್ತು. ಬಲಿ ಕೊಡುವ ಕಟ್ಟೆ ಹೊರಗೆ, ಮೆಟ್ಟಿಲ ಮುಂದೆ. ಜನ ನಿಲ್ಲುತ್ತಿದ್ದದ್ದೂ ಹೊರಗೆ. ಕ್ರೈಸ್ತರ ಪೂಜೆಗೆ ಎಲ್ಲರೂ ಒಳಗೇ ಇರಬೇಕು. ವಾಚನ ಕೇಳಬೇಕು, ಪ್ರವಚನ ಕೇಳಬೇಕು, ರೊಟ್ಟಿ ಹಂಚಿಕೊಳ್ಳಬೇಕು. ಸಾವಿರ ಜನಕ್ಕೆ ಅಲ್ಲಿ ಜಾಗ ಎಲ್ಲಿ? ಹಳೆಯ ದೇವರ ಗುಡಿಗೆ ಹೋಗಲು ಅವರಿಗೆ ಮನಸ್ಸೂ ಇರಲಿಲ್ಲ. ರೋಮ್‌ನ ಪ್ಯಾಂಥಿಯನ್ ಚರ್ಚ್ ಆದದ್ದು 609ರಲ್ಲಿ, ಹಳೆಯ ಪೂಜೆ ನಿಂತು ಎಷ್ಟೋ ಕಾಲ ಆದಮೇಲೆ. ಬೆಸಿಲಿಕಾಕ್ಕೆ ಅಂಥ ಮೈಲಿಗೆ ಅಂಟಿರಲಿಲ್ಲ. ಅದು ಸುಮ್ನೆ ಒಂದು ಹಜಾರ.

ಮೊದಲನೇ ದೊಡ್ಡ ಬೆಸಿಲಿಕಾ ಯಾವುದು? ವ್ಯಾಟಿಕನ್‌ನದ್ದಾ?

ಅಲ್ಲ, ರೋಮ್‌ನಲ್ಲೇ ಇರುವ ಲ್ಯಾಟರನ್ ಎಂಬ ಜಾಗದ್ದು. 312ರ ಅಕ್ಟೋಬರ್ 28ರಂದು ಮಿಲ್ವಿಯನ್ ಸೇತುವೆಯ ಯುದ್ಧದಲ್ಲಿ, ಕ್ರೈಸ್ತರ ಪರ ವಾಲಿದ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ಎದುರಾಳಿ ಮ್ಯಾಕ್ಸೆಂಟಿಯಸ್‌ನನ್ನು ಸೋಲಿಸಿದ. ಸೋತವನ ಪರ ಕಾದಾಡಿದ ಕುದುರೆ ಕಾವಲುಪಡೆಯನ್ನು ವಜಾ ಮಾಡಿದ. ಅವರ ಬಿಡಾರವನ್ನು ನೆಲಸಮ ಮಾಡಿಸಿ ಅದೇ ಜಾಗದಲ್ಲಿ ರೋಮ್‌ನ ಬಿಷಪ್ಪನಿಗೆ ಬೆಸಿಲಿಕಾ ಕಟ್ಟಿಸಿದ. ನಡುಹಜಾರ, ಎಡಕ್ಕೆರಡು ಬಲಕ್ಕೆರಡು ಪಕ್ಕಸಾಲು, ಉದ್ದ ಸುಮಾರು 100 ಮೀಟರ್. ಜಾಗ ಊರಂಚಿನಲ್ಲಿತ್ತು. ಊರ ನಡುವಿನ ಫೋರಂ ಎಂಬ ಸಾರ್ವಜನಿಕ ಚೌಕದಲ್ಲಿ ಹಳೆಯ ದೇವರುಗಳು, ಹಳೆಯ ಮನೆತನಗಳು ತುಂಬಿದ್ದವು. ಅವರನ್ನು ಕೆಣಕುವ ಆತುರ ಅವನಿಗಿರಲಿಲ್ಲ. ಇವತ್ತಿಗೂ ರೋಮ್‌ನ ಕ್ಯಾಥೆಡ್ರಲ್ ಲ್ಯಾಟರನ್ನೇ, ಸಂತ ಪೇತ್ರರದ್ದಲ್ಲ. ಒಳಗಿನ ರೂಪ ಮಾತ್ರ 17ನೇ ಶತಮಾನದಲ್ಲಿ ವಾಸ್ತುಶಿಲ್ಪಿ ಬೊರ್ರೊಮಿನಿ ಕೈಯಲ್ಲಿ ಪೂರ್ತಿ ಬದಲಾಯಿತು.

## ಒಳಗೆ ಕಾಲಿಟ್ಟ ಮೇಲೆ

ಹೊರಗಿನಿಂದ ಗೋಡೌನ್ ಥರ ಕಾಣತ್ತೆ. ಯಾಕಿಷ್ಟು ಸಪ್ಪೆ?

ಬೇಲೂರು ನೋಡಿದ ಕಣ್ಣಿಗೆ ಇದು ನಿರಾಸೆಯೇ. ಬರೀ ಇಟ್ಟಿಗೆ ಗೋಡೆ, ಸಾಲು ಕಿಟಕಿ, ಹೆಂಚು. ಗೋಪುರವೂ ಇಲ್ಲ. ಈಗ ಪಕ್ಕದಲ್ಲಿ ಕಾಣುವ ಗಂಟೆ ಗೋಪುರಗಳೆಲ್ಲ ಆಮೇಲೆ ಬಂದವು. ಕಟ್ಟಿದವರು ದುಡ್ಡೆಲ್ಲ ಒಳಗೆ ಸುರಿದರು. ಅಮೃತಶಿಲೆ, ಬಣ್ಣದ ಕಲ್ಲು ಗಾಜಿನ ಚೂರು ಜೋಡಿಸಿದ ಮೊಸಾಯಿಕ್ ಚಿತ್ರಗಳು, ಬೆಳ್ಳಿ ದೀಪಗಳು, ಪರದೆಗಳು. ಹಳೆಯ ದೇವಸ್ಥಾನವನ್ನು ಹೊರಗೆ ನಿಂತು ನೋಡಬೇಕಿತ್ತು, ಆದ್ದರಿಂದ ಕಂಬಗಳು ಹೊರಗೆ. ಇಲ್ಲಿ ಜನ ಒಳಗಿರುತ್ತಾರೆ, ಕಂಬಗಳೂ ಒಳಗೆ. ದೇವಸ್ಥಾನವನ್ನು ಅಂಗಿಯ ಹಾಗೆ ಒಳಹೊರಗು ಮಗುಚಿದಂತೆ ಅಂತ ನಾನು ಹೇಳುವುದುಂಟು.

ಬಾಗಿಲಿಂದ ಪೀಠದವರೆಗೆ ಏನೇನಿರುತ್ತೆ? ಒಂದ್ಸಲ ನಡೆಸ್ಕೊಂಡು ಹೋಗಿ.

ಬನ್ನಿ. ಬೀದಿಯಿಂದ ಒಳಗೆ ಬಂದರೆ ಮೊದಲು ತೆರೆದ ಅಂಗಳ, ಏಟ್ರಿಯಂ. ಸುತ್ತ ಕಂಬದ ಜಗಲಿ, ನಡುವೆ ಕಾರಂಜಿ. ಕೈ ಮುಖ ತೊಳೆದುಕೊಂಡು ಮುಂದೆ ಹೋಗಬೇಕು. ವ್ಯಾಟಿಕನ್‌ನಲ್ಲಿ ಕಾನ್‌ಸ್ಟಂಟೈನ್ ಕಟ್ಟಿಸಿದ, ಈಗಿಲ್ಲದ ಹಳೆಯ ಸಂತ ಪೇತ್ರರ ಬೆಸಿಲಿಕಾದ ಅಂಗಳದ ಕಾರಂಜಿಯಲ್ಲಿ ಕಂಚಿನ ದೊಡ್ಡ ಪೈನ್ ಕಾಯಿ ಇತ್ತು. ಈಗ ಅದು ವ್ಯಾಟಿಕನ್ ಮ್ಯೂಸಿಯಂನ ಅಂಗಳದಲ್ಲಿದೆ, ಆಳೆತ್ತರಕ್ಕಿಂತ ದೊಡ್ಡದು.

ಅಂಗಳ ದಾಟಿದರೆ ಅಡ್ಡ ಮೊಗಸಾಲೆ, ನಾರ್ತೆಕ್ಸ್. ಜ್ಞಾನಸ್ನಾನ ಇನ್ನೂ ಆಗದವರು ಪೂಜೆಯ ಮೊದಲ ಭಾಗಕ್ಕೆ ಮಾತ್ರ ಇರಬಹುದಿತ್ತು. ವಾಚನ, ಪ್ರವಚನ ಮುಗಿದ ಮೇಲೆ ಅವರನ್ನು ಕಳಿಸಿ ಬಾಗಿಲು ಹಾಕುತ್ತಿದ್ದರು. ಹಾಗಾಗಿ ಅಂಗಳಕ್ಕೂ ಮೊಗಸಾಲೆಗೂ ನಿಜವಾದ ಕೆಲಸ ಇತ್ತು.

ಬಾಗಿಲು ದಾಟಿದ ಕೂಡಲೆ ನಡುಹಜಾರ. ಎರಡೂ ಕಡೆ ಕಂಬಗಳು ಒಂದರ ಹಿಂದೆ ಒಂದು ಓಡುತ್ತವೆ, ಕಣ್ಣೂ ಅವುಗಳ ಜೊತೆ ಓಡಿ ತುದಿಯ ಏಪ್ಸ್‌ಗೆ ತಲುಪುತ್ತದೆ. ನಡುಹಜಾರದ ಮುಂಭಾಗದಲ್ಲಿ ಅಮೃತಶಿಲೆಯ ತಗ್ಗು ಬೇಲಿ. ಅದರೊಳಗೆ ಹಾಡುವವರು, ಕೆಳದರ್ಜೆಯ ಗುರುಗಳು. ಬೇಲಿಯ ಬದಿಗೆ ವಾಚನಕ್ಕೆ ಹತ್ತುವ ಕಟ್ಟೆ, ಅಂಬೋ. ರೋಮ್‌ನ ಸಾನ್ ಕ್ಲೆಮೆಂಟೆಯಲ್ಲಿ ಇದೆಲ್ಲ ಇನ್ನೂ ಇದೆ. ಅಲ್ಲಿನ ಬೇಲಿಯ ಹಲಗೆಗಳಲ್ಲಿ 6ನೇ ಶತಮಾನದ ಪೋಪ್ ಎರಡನೇ ಜಾನ್‌ನ ಹೆಸರಿನ ಅಕ್ಷರಗಳನ್ನು ಹೆಣೆದು ಕೆತ್ತಿದ್ದಾರೆ.

ನಡುಹಜಾರ ಮುಗಿಯುವಲ್ಲಿ ದೊಡ್ಡ ಕಮಾನು. ರೋಮನ್ನರ ವಿಜಯದ ಕಮಾನಿನ ಹೆಸರೇ ಇದಕ್ಕೂ ಬಂತು. ಅದರಾಚೆ ಬಲಿಪೀಠ, ಮೇಲೆ ನಾಲ್ಕು ಕಂಬದ ಚಪ್ಪರ. ಏಪ್ಸ್‌ನ ಬಾಗಿದ ಗೋಡೆಗುಂಟ ಗುರುಗಳ ಕಲ್ಲುಬೆಂಚು, ನಟ್ಟನಡುವೆ ಬಿಷಪ್ಪನ ಆಸನ. ಹಿಂದೆ ನ್ಯಾಯಾಧೀಶ ಕೂರುತ್ತಿದ್ದದ್ದೂ ಇಂಥದೇ ಜಾಗದಲ್ಲಿ. ಆ ಆಸನದ ಹೆಸರು ಕಥೆದ್ರಾ. ಕ್ಯಾಥೆಡ್ರಲ್ ಎಂಬ ಪದ ಹುಟ್ಟಿದ್ದು ಅದರಿಂದ.

ಬೆಂಚು ಇರಲಿಲ್ವಾ? ಜನ ನಿಂತೇ ಇರ್ತಿದ್ರಾ?

ನಿಂತೇ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನಡುಹಜಾರದ ನಡುಭಾಗ ಮೆರವಣಿಗೆಗೆ ಖಾಲಿ ಬಿಡುತ್ತಿದ್ದರು. ಈಗ ಹೋದಾಗ ಕುರ್ಚಿ ಸಾಲುಗಳನ್ನು ಮನಸ್ಸಿನಿಂದ ತೆಗೆದುಹಾಕಿ ನೋಡಿ, ಜಾಗ ಬೇರೆಯೇ ಆಗಿಬಿಡುತ್ತದೆ.

ಒಳಗೆ ಅಷ್ಟು ಬೆಳಕು ಎಲ್ಲಿಂದ ಬರತ್ತೆ?

ನಡುಹಜಾರ ಪಕ್ಕಸಾಲುಗಳಿಗಿಂತ ಎತ್ತರ ಅಂದೆನಲ್ಲ, ಪಕ್ಕಸಾಲಿನ ಚಾವಣಿಯ ಮೇಲಕ್ಕೆ ಎದ್ದಿರುವ ಗೋಡೆಯಲ್ಲಿ ಸಾಲಾಗಿ ಕಿಟಕಿ ಇಡುತ್ತಾರೆ. ಇಂಗ್ಲಿಷಿನಲ್ಲಿ ಕ್ಲಿಯರ್‌ಸ್ಟೋರಿ ಅನ್ನುತ್ತಾರೆ. ಬೆಳಕು ಮೇಲಿಂದ ನಡುಹಜಾರಕ್ಕೆ ಬೀಳುತ್ತದೆ, ಪಕ್ಕಸಾಲು ನೆರಳಲ್ಲಿ ಉಳಿಯುತ್ತದೆ. ಬಣ್ಣದ ಗಾಜಿನ ಚಿತ್ರಕಿಟಕಿಗಳು ಬಂದದ್ದು ಎಷ್ಟೋ ಶತಮಾನಗಳ ಮೇಲೆ. ರೋಮ್‌ನ ಸಾಂತಾ ಸಬೀನಾ ಇಗರ್ಜಿಯ ಕಿಟಕಿಗಳಲ್ಲಿ ಜಾಲರಿಯ ನಡುವೆ ಸೆಲೆನೈಟ್ ಎಂಬ ಹಾಲುಬಣ್ಣದ ಖನಿಜದ ತೆಳುಹಲಗೆಗಳಿವೆ. ಈಗಿರುವವು 20ನೇ ಶತಮಾನದ ದುರಸ್ತಿಯಲ್ಲಿ ಹಳೆಯ ತುಂಡುಗಳನ್ನು ನೋಡಿ ಮಾಡಿದವು. ಮಧ್ಯಾಹ್ನ ಬಿಸಿಲು ಹೊರಗೆ ಉರಿಯುತ್ತಿದ್ದರೂ ಒಳಗೆ ಬರುವುದು ತಣ್ಣನೆ ಬೆಳಕು, ಮೋಡ ಕವಿದ ದಿನದ ಹಾಗೆ.

ರಾತ್ರಿ ದೀಪ. ಕಾನ್‌ಸ್ಟಂಟೈನ್ ಕೊಟ್ಟ ಉಡುಗೊರೆಗಳ ಹಳೆಯ ಪಟ್ಟಿಯಲ್ಲಿ ಎಷ್ಟೋ ಬೆಳ್ಳಿ ಬಂಗಾರದ ದೀಪಗಳಿವೆ. ಅವುಗಳ ಖರ್ಚಿಗೆ ಬಿಟ್ಟುಕೊಟ್ಟ ಜಮೀನುಗಳೂ ಇವೆ. ನಮ್ಮಲ್ಲಿ ನಂದಾದೀಪಕ್ಕೆ ಗದ್ದೆ ಬಿಟ್ಟ ಶಾಸನಗಳನ್ನು ಓದಿದವರಿಗೆ ಇದು ಹೊಸದೇನಲ್ಲ.

ಮೇಲಿಂದ ಶಿಲುಬೆ ಆಕಾರ ಕಾಣತ್ತಲ್ಲ, ಬೇಕಂತಲೇ ಹಾಗೆ ಕಟ್ಟಿದ್ದಾ?

ಮೊದಮೊದಲ ಬೆಸಿಲಿಕಾಗಳಲ್ಲಿ ಹೆಚ್ಚಿನವು ಸೀದಾ ಉದ್ದಚೌಕ. ಅಡ್ಡ ತೋಳು, ಅಂದರೆ ಟ್ರಾನ್ಸೆಪ್ಟ್, ಕಾಣುವುದು ಹಳೆಯ ಸಂತ ಪೇತ್ರರಲ್ಲಿ. ಅದರ ಕಾರಣ ಶಿಲುಬೆ ಅಲ್ಲ, ನೂಕುನುಗ್ಗಲು. ಅಲ್ಲಿ ಸಂತ ಪೇತ್ರರ ಸಮಾಧಿ ಇತ್ತು, ಅದನ್ನು ನೋಡಲು ಯಾತ್ರಿಕರು ಬರುತ್ತಿದ್ದರು. ಏಪ್ಸ್‌ನ ಮುಂದೆ ಅಡ್ಡಲಾಗಿ ಒಂದು ದೊಡ್ಡ ಹಜಾರ ಹಾಕಿದರೆ ಜನ ಸುತ್ತ ನಿಲ್ಲಬಹುದು. ಶಿಲುಬೆಯ ಅರ್ಥವನ್ನು ಆ ಆಕಾರದಲ್ಲಿ ಗಟ್ಟಿಯಾಗಿ ಓದಿದ್ದು ಮುಂದಿನ ಕಾಲದವರು.

ಏಪ್ಸ್ ಪೂರ್ವಕ್ಕೇ ಇರಬೇಕು ಅಂತ ನಿಯಮ ಇತ್ತಾ?

ಆಮೇಲೆ ರೂಢಿಯಾಯಿತು, ಮೊದಲು ಇರಲಿಲ್ಲ. ಲ್ಯಾಟರನ್, ಹಳೆಯ ಸಂತ ಪೇತ್ರ ಎರಡರಲ್ಲೂ ಬಾಗಿಲು ಪೂರ್ವಕ್ಕೆ, ಏಪ್ಸ್ ಪಶ್ಚಿಮಕ್ಕೆ. 5ನೇ ಶತಮಾನದಿಂದ ಪೂರ್ವದ ಏಪ್ಸ್ ಹೆಚ್ಚಾಗುತ್ತದೆ. ಜಾಗ, ಬೀದಿ, ಸಮಾಧಿ ಯಾವ ಕಡೆ ಅನ್ನುವುದೂ ಲೆಕ್ಕಕ್ಕೆ ಬರುತ್ತಿತ್ತು.

## ಕಟ್ಟುವ ಕೆಲಸದ ಬಗ್ಗೆ

ರೋಮನ್ನರಿಗೆ ಕಾಂಕ್ರೀಟ್ ಗೊತ್ತಿತ್ತು, ಗುಮ್ಮಟ ಗೊತ್ತಿತ್ತು. ಮತ್ತೆ ಮರದ ಚಾವಣಿ ಯಾಕೆ?

ಬೇಗ ಆಗಬೇಕಿತ್ತು, ಅಗ್ಗವಾಗಿ ಆಗಬೇಕಿತ್ತು, ಎಲ್ಲ ಊರಲ್ಲೂ ಆಗಬೇಕಿತ್ತು. ಅದೇ ಕಾಲದ ಮ್ಯಾಕ್ಸೆಂಟಿಯಸ್‌ನ ಬೆಸಿಲಿಕಾ ನೋಡಿ. ಕಾಂಕ್ರೀಟ್ ಕಮಾನುಗಳು ಹೊರಕ್ಕೆ ತಳ್ಳುವ ಭಾರ ತಡೆಯಲು ಗುಡ್ಡದಂಥ ಕಂಬಗಳು ಬೇಕಾದವು. ಮರದ ಟ್ರಸ್‌ಗೆ ಆ ತಾಪತ್ರಯ ಇಲ್ಲ. ಎರಡು ಇಳಿಜಾರು ತೊಲೆಗಳು ಬುಡದಲ್ಲಿ ಹೊರಕ್ಕೆ ಜಾರಲು ನೋಡುತ್ತವೆ, ಒಂದು ಅಡ್ಡತೊಲೆ ಎರಡರ ಬುಡವನ್ನೂ ಹಿಡಿದು ಕಟ್ಟುತ್ತದೆ. ಗೋಡೆಯ ಮೇಲೆ ಬೀಳುವುದು ನೇರ ಕೆಳಮುಖದ ಭಾರ ಮಾತ್ರ. ಆಗ ಗೋಡೆ ತೆಳುವಾಗಿದ್ದರೂ ಸಾಕು, ತೆಳು ಗೋಡೆಯನ್ನು ಕಂಬಸಾಲಿನ ಮೇಲೆ ನಿಲ್ಲಿಸಬಹುದು, ಅದರಲ್ಲಿ ದೊಡ್ಡ ಕಿಟಕಿ ಕೊರೆಯಬಹುದು. ಬೆಸಿಲಿಕಾದ ಬೆಳಕಿನ ಗುಟ್ಟು ಕಿಟಕಿಗಿಂತ ಹೆಚ್ಚಾಗಿ ಈ ಅಡ್ಡತೊಲೆಯಲ್ಲಿದೆ ಅಂತ ನನ್ನ ವಾದ.

ಹಳೆಯ ಸಂತ ಪೇತ್ರರ ನಡುಹಜಾರದ ಅಗಲ 23 ಮೀಟರ್‌ಗೂ ಜಾಸ್ತಿ. ಅಷ್ಟು ಉದ್ದದ ತೊಲೆಗಳನ್ನು ತಂದು, 30 ಮೀಟರ್ ಎತ್ತರಕ್ಕೆ ಏರಿಸಿದ ಬಡಗಿಗಳ ಹೆಸರು ಎಲ್ಲೂ ಉಳಿದಿಲ್ಲ.

ಮರ ಅಂದ್ರೆ ಬೆಂಕಿ ಭಯ ಇರಲಿಲ್ವಾ?

ಇತ್ತು, ಸುಟ್ಟೂ ಹೋದವು. ರೋಮ್ ಕೋಟೆಯ ಹೊರಗಿನ ಸಂತ ಪೌಲರ ಬೆಸಿಲಿಕಾ 386ರ ಸುಮಾರಿಗೆ ಶುರುವಾಗಿ, 1,400 ವರ್ಷ ದಾಟಿ ಹೆಚ್ಚುಕಮ್ಮಿ ಹಾಗೇ ನಿಂತಿತ್ತು. 1823ರ ಜುಲೈ 15ರ ರಾತ್ರಿ ಸುಟ್ಟುಹೋಯಿತು. ಚಾವಣಿ ದುರಸ್ತಿ ಮಾಡುತ್ತಿದ್ದವರ ಅಜಾಗರೂಕತೆ ಕಾರಣ ಅನ್ನುತ್ತಾರೆ. ಪೋಪ್ ಏಳನೇ ಪಯಸ್ ಆಗ ಸಾಯುವ ಸ್ಥಿತಿಯಲ್ಲಿದ್ದರು, ಅವರಿಗೆ ಸುದ್ದಿಯನ್ನೇ ಹೇಳಲಿಲ್ಲ. ಈಗಿರುವುದು ಅದೇ ಅಳತೆಯಲ್ಲಿ ಮತ್ತೆ ಕಟ್ಟಿದ್ದು, 1854ರಲ್ಲಿ ಪ್ರತಿಷ್ಠೆಯಾಯಿತು. ಹೊಳಪು ಜಾಸ್ತಿ, ಜೀವ ಕಮ್ಮಿ. ಆದರೂ 80 ಕಂಬಗಳ ನಡುವೆ ನಿಂತರೆ ಹಳೆಯ ಗಾತ್ರ ಎಷ್ಟಿತ್ತು ಅಂತ ಮೈಗೆ ತಿಳಿಯುತ್ತದೆ. ಗ್ರೀಸ್‌ನ ಥೆಸಲೊನಿಕಿಯಲ್ಲಿ ಸಂತ ದಿಮಿತ್ರಿಯೋಸ್ ಬೆಸಿಲಿಕಾ 1917ರ ಊರಬೆಂಕಿಯಲ್ಲಿ ಹೋಯಿತು, ಅದನ್ನೂ ಮತ್ತೆ ಕಟ್ಟಿದ್ದಾರೆ.

ಕಂಬಗಳು ಒಂದಕ್ಕೊಂದು ಹೊಂದೋದೇ ಇಲ್ಲ. ಬೇರೆ ಕಡೆಯಿಂದ ಕದ್ದು ತಂದಿದ್ದಾ?

ಬೇರೆ ಕಡೆಯದು ನಿಜ, ಕದ್ದದ್ದು ಅನ್ನಲಾಗದು. ಹಾಳುಬಿದ್ದ ಕಟ್ಟಡಗಳಿಂದ, ಸರ್ಕಾರದ ದಾಸ್ತಾನಿನಿಂದ ತಂದು ಮತ್ತೆ ಬಳಸಿದ ಇಂಥ ಕಲ್ಲುಗಳಿಗೆ ಸ್ಪೋಲಿಯಾ ಅನ್ನುತ್ತಾರೆ. ಹಳೆಯ ಸಂತ ಪೇತ್ರರಲ್ಲಿ ಬಣ್ಣ, ದಪ್ಪ, ಎತ್ತರ ಎಲ್ಲ ಬೇರೆ ಬೇರೆ ಇದ್ದ ಕಂಬಗಳಿದ್ದವು. ಗಿಡ್ಡ ಕಂಬಕ್ಕೆ ಕೆಳಗೆ ಎತ್ತರದ ಪೀಠ ಕೊಟ್ಟು ಸಮ ಮಾಡುತ್ತಿದ್ದರು. ಇದನ್ನು ಬಡತನ ಅಂತ ಬೈಯುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಎಷ್ಟೋ ಕಡೆ ಎಡದ ಕಂಬಕ್ಕೆ ಬಲದಲ್ಲಿ ಅದೇ ಬಣ್ಣದ ಜೋಡಿ ಇಟ್ಟಿದ್ದಾರೆ, ಒಳ್ಳೆ ಕಂಬಗಳನ್ನು ಪೀಠದ ಹತ್ತಿರ ನಿಲ್ಲಿಸಿದ್ದಾರೆ. ಆರಿಸಿ ಜೋಡಿಸಿದ ಕೈ ಅದು. ಸಾಂತಾ ಸಬೀನಾದ 24 ಕಂಬಗಳೂ ಸ್ಪೋಲಿಯಾ. ಒಂದೇ ಹಳೆಯ ಕಟ್ಟಡದಿಂದ ಬಂದವು ಅಂತ ಕಾಣುತ್ತದೆ, ಅಷ್ಟು ಹೊಂದುತ್ತವೆ.

ಇದಕ್ಕೆ ಇನ್ನೊಂದು ಮುಖವೂ ಇದೆ. 6ನೇ ಶತಮಾನದಲ್ಲಿ ಮರ್ಮರ ಸಮುದ್ರದ ಪ್ರೊಕೊನ್ನೆಸಸ್ ದ್ವೀಪದಲ್ಲಿ ಕಂಬ, ಬೋದಿಗೆ, ಬೇಲಿಯ ಹಲಗೆ ಎಲ್ಲ ಕೆತ್ತಿ ಹಡಗಿನಲ್ಲಿ ಕಳಿಸುತ್ತಿದ್ದರು. ಅಂಥ ಹಡಗೊಂದು ಸಿಸಿಲಿಯ ಮಾರ್ಜಮೆಮಿ ಹತ್ತಿರ ಮುಳುಗಿತು. 1960ರ ದಶಕದಲ್ಲಿ ಅದನ್ನು ಶೋಧಿಸಿದಾಗ ಒಂದು ಇಗರ್ಜಿಯ ಒಳಗೆ ಬೇಕಾದ ಕಲ್ಲುಕೆಲಸ, ಅಂಬೋ ಸಮೇತ, ಸಮುದ್ರದ ತಳದಲ್ಲಿ ಸಿಕ್ಕಿತು.

ಕಂಬಗಳ ಮೇಲೆ ಕೆಲವು ಕಡೆ ಕಮಾನು, ಕೆಲವು ಕಡೆ ನೇರ ಕಲ್ಲು. ಯಾಕೆ ಹಾಗೆ?

ನೇರ ತೊಲೆಗಲ್ಲು ಹಳೆಯ ಗತ್ತು. ರೋಮ್‌ನ ಸಾಂತಾ ಮರಿಯಾ ಮಜ್ಜೋರೆ ಇಗರ್ಜಿಯಲ್ಲಿ ಅದಿದೆ, 430ರ ದಶಕದ್ದು. ಅದೇ ಹೊತ್ತಿನ ಸಾಂತಾ ಸಬೀನಾದಲ್ಲಿ ಕಮಾನು. ನೇರ ಕಲ್ಲಿಗೆ ಉದ್ದ ಕಲ್ಲೇ ಬೇಕು, ಕಂಬಗಳು ಹತ್ತಿರ ಹತ್ತಿರ ಇರಬೇಕು. ಕಮಾನನ್ನು ಇಟ್ಟಿಗೆಯಲ್ಲೇ ಕಟ್ಟಬಹುದು, ಕಂಬ ದೂರ ಇಡಬಹುದು. ಕೊನೆಗೆ ಗೆದ್ದದ್ದು ಕಮಾನು.

ಸಂತ ಪೇತ್ರರ ಸಮಾಧಿ ಮೇಲೇ ಕಟ್ಟಿದ್ದು ಅಂತಾರೆ. ಅಲ್ಲಿ ಗುಡ್ಡ ಇತ್ತಲ್ವಾ?

ಗುಡ್ಡವೂ ಇತ್ತು, ಸ್ಮಶಾನವೂ ಇತ್ತು. ಸಮತಟ್ಟು ಜಾಗ ಪಕ್ಕದಲ್ಲೇ ಇದ್ದರೂ ಕಾನ್‌ಸ್ಟಂಟೈನ್‌ನ ಜನ ವ್ಯಾಟಿಕನ್ ಇಳಿಜಾರನ್ನೇ ಹಿಡಿದರು. ಉತ್ತರದ ಕಡೆ ಗುಡ್ಡ ಕಡಿದು, ದಕ್ಷಿಣದ ಕಡೆ ಮಣ್ಣು ತುಂಬಿ ತಟ್ಟು ಮಾಡಿದರು. ನಡುವೆ ಶ್ರೀಮಂತರ ಸಮಾಧಿಮನೆಗಳ ಬೀದಿಯೇ ಇತ್ತು. ಅವುಗಳ ಚಾವಣಿ ಕತ್ತರಿಸಿ ಒಳಗೆ ಮಣ್ಣು ಸುರಿದರು. ರೋಮನ್ ಕಾನೂನಿನಲ್ಲಿ ಸಮಾಧಿ ಕೆಡಿಸುವುದು ದೊಡ್ಡ ಅಪರಾಧ. ಚಕ್ರವರ್ತಿ ಬಿಟ್ಟು ಬೇರೆ ಯಾರಿಗೂ ದಕ್ಕುವ ಕೆಲಸ ಅಲ್ಲ. ಇಷ್ಟೆಲ್ಲ ಪಾಡು ಯಾಕೆ ಅಂದರೆ, 2ನೇ ಶತಮಾನದಿಂದಲೂ ಅಲ್ಲಿ ಪೇತ್ರರದ್ದೆಂದು ನಂಬಿದ ಒಂದು ಪುಟ್ಟ ಗೂಡು ಇತ್ತು. ಏಪ್ಸ್‌ನ ಮುಂದೆ ಸರಿಯಾಗಿ ಅದೇ ಬರಬೇಕಿತ್ತು. 1940ರ ದಶಕದಲ್ಲಿ ಅಗೆದಾಗ ಆ ಬೀದಿ, ಆ ಗೂಡು ಎರಡೂ ಕಂಡವು. ಒಳಗಿರುವ ಮೂಳೆ ಯಾರದ್ದು ಅನ್ನುವ ಜಗಳ ಇನ್ನೂ ಮುಗಿದಿಲ್ಲ, ಆ ಗೂಡಿಗಾಗಿ ಕಟ್ಟಡ ಅಲ್ಲಿಗೆ ಬಂತು ಅನ್ನುವುದರಲ್ಲಿ ಜಗಳವಿಲ್ಲ.

## ಸ್ವಲ್ಪ ಆಳಕ್ಕೆ ಇಳಿದರೆ

ಉದ್ದ ಗೋಡೆಯ ಬಾಗಿಲು ಗಿಡ್ಡ ಗೋಡೆಗೆ ಬಂದದ್ದು ಕ್ರೈಸ್ತರ ಯೋಚನೆಯಾ?

ಪೂರ್ತಿ ಅಲ್ಲ. ಪಾಂಪೆಯ ಬೆಸಿಲಿಕಾಕ್ಕೆ ಕ್ರಿ.ಪೂ. 2ನೇ ಶತಮಾನದಲ್ಲೇ ಗಿಡ್ಡ ಗೋಡೆಯಲ್ಲಿ ಬಾಗಿಲಿತ್ತು. ಇನ್ನೂ ಹತ್ತಿರದ ನೆಂಟ ಅಂದರೆ ಅರಮನೆಯ ದರ್ಬಾರು. ಜರ್ಮನಿಯ ಟ್ರಿಯರ್‌ನಲ್ಲಿ ಕಾನ್‌ಸ್ಟಂಟೈನ್ ಕಾಲದ ದರ್ಬಾರು ಹಜಾರ ಈಗಲೂ ನಿಂತಿದೆ, ಪ್ರೊಟೆಸ್ಟಂಟ್ ಇಗರ್ಜಿಯಾಗಿ. 67 ಮೀಟರ್ ಉದ್ದ, 33 ಮೀಟರ್ ಎತ್ತರ, ಕಂಬವೇ ಇಲ್ಲ. ಒಂದು ತುದಿಯಲ್ಲಿ ಬಾಗಿಲು, ಇನ್ನೊಂದು ತುದಿಯ ಏಪ್ಸ್‌ನಲ್ಲಿ ಚಕ್ರವರ್ತಿ. ಏಪ್ಸ್‌ನ ಕಿಟಕಿಗಳನ್ನು ಸ್ವಲ್ಪ ಚಿಕ್ಕದು ಮಾಡಿ, ತಗ್ಗಿಸಿ ಇಟ್ಟಿದ್ದಾರೆ. ದೂರ ಇನ್ನೂ ಜಾಸ್ತಿ ಕಾಣಲಿ ಅಂತ!

ಕ್ರೈಸ್ತರು ಮಾಡಿದ್ದು ಜೋಡಣೆ. ಮಾರುಕಟ್ಟೆ ಬೆಸಿಲಿಕಾದಿಂದ ಕಂಬಸಾಲು, ಪಕ್ಕಸಾಲು, ಮೇಲಿನ ಬೆಳಕು ತೆಗೆದುಕೊಂಡರು. ದರ್ಬಾರಿನಿಂದ ದಿಕ್ಕು ತೆಗೆದುಕೊಂಡರು. ಕಂಬಗಳು ನಾಲ್ಕು ಸುತ್ತ ಇದ್ದಾಗ ಜನ ಸುತ್ತಾಡುತ್ತಾರೆ. ಎರಡೇ ಬದಿ ಇದ್ದರೆ ಮುಂದಕ್ಕೆ ನಡೆಯುತ್ತಾರೆ. ಇಡೀ ಬದಲಾವಣೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

ಎಲ್ಲ ಹಳೆಯ ಬೆಸಿಲಿಕಾಗಳೂ ಪೂಜೆಗೇ ಕಟ್ಟಿದವಾ?

ಇಲ್ಲ. ರೋಮ್ ಕೋಟೆಯ ಹೊರಗೆ, ಸಮಾಧಿಗಳ ಹತ್ತಿರ, ಒಂದು ವಿಚಿತ್ರ ಜಾತಿಯವು ಇದ್ದವು. ಪಕ್ಕಸಾಲು ಏಪ್ಸ್ ತುದಿಯಲ್ಲಿ ನಿಲ್ಲದೆ ಸುತ್ತಿ ಬಂದು ಕುದುರೆಲಾಳದ ಆಕಾರ ಆಗುತ್ತದೆ. ಇವು ಚಾವಣಿ ಹಾಕಿದ ಸ್ಮಶಾನಗಳು. ನೆಲದ ತುಂಬ ಗೋರಿಗಳು, ಅವುಗಳ ಮೇಲೇ ಸತ್ತವರ ನೆನಪಿನ ಊಟ. ಸಾಂತ ಅನ್ಯೇಸೆ ಇಗರ್ಜಿಯ ಹತ್ತಿರ ಇಂಥದೊಂದರ ಮುರುಕು ಗೋಡೆ ಈಗಲೂ ಕಾಣುತ್ತದೆ. ಊಟದ ಗಲಾಟೆ ಜಾಸ್ತಿಯಾಗಿ ಬಿಷಪ್ಪರು ಗದರಿದ್ದೂ ಉಂಟು.

ರವೆನ್ನಾದ ಮೊಸಾಯಿಕ್‌ನಲ್ಲಿ ಕಂಬಗಳ ಮೇಲೆ ಬರೀ ಕೈ ಇದೆ. ಮನುಷ್ಯರೆಲ್ಲಿ?

ಅಳಿಸಿಹಾಕಿದರು. ಸಾಂತ್ ಅಪೊಲ್ಲಿನಾರೆ ನುವೊವೋ ಎಂಬ ಆ ಇಗರ್ಜಿಯನ್ನು 6ನೇ ಶತಮಾನದ ಶುರುವಿನಲ್ಲಿ ಗಾಥ್ ರಾಜ ಥಿಯೋಡೊರಿಕ್ ತನ್ನ ಅರಮನೆಗೆಂದು ಕಟ್ಟಿಸಿದ. ಅವನು ಏರಿಯನ್ ಪಂಥದವನು. ಕ್ರಿಸ್ತನು ತಂದೆಗೆ ಸಮಾನನಲ್ಲ ಎನ್ನುವ ಮತ ಅದು, ಉಳಿದವರಿಗೆ ಪಾಷಂಡ. ಗೋಡೆಯ ಮೊಸಾಯಿಕ್‌ನಲ್ಲಿ ಅವನ ಅರಮನೆ, ಕಂಬಗಳ ನಡುವೆ ಆಸ್ಥಾನದ ಜನ ಇದ್ದರು. 540ರಲ್ಲಿ ಬೈಜಾಂಟಿಯನ್ನರು, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದವರು, ಊರು ಗೆದ್ದರು. 561ರ ಸುಮಾರಿಗೆ ಇಗರ್ಜಿ ಅವರ ಪಂಥದ ಕೈಗೆ ಬಂತು. ಆಸ್ಥಾನದವರನ್ನು ಕಿತ್ತು ಆ ಜಾಗಕ್ಕೆ ಪರದೆಗಳ ಚಿತ್ರ ತುಂಬಿದರು. ಆದರೆ ಕಂಬಗಳ ಮೇಲೆ ಚಾಚಿಕೊಂಡಿದ್ದ ಕೈಗಳನ್ನು ಬಿಟ್ಟುಬಿಟ್ಟರು. ಕಂಬ ಮತ್ತೆ ಮಾಡಲು ಸೋಮಾರಿತನವೋ, ಎಚ್ಚರಿಕೆಗೆಂದು ಬಿಟ್ಟದ್ದೋ, ಯಾರು ಬಲ್ಲರು.

ಅದರ ಪಕ್ಕದಲ್ಲೇ ಎಡಗೋಡೆಗೆ 22 ಕನ್ಯೆಯರ, ಬಲಗೋಡೆಗೆ 26 ಹುತಾತ್ಮರ ಮೆರವಣಿಗೆ. ಎರಡೂ ಬಾಗಿಲಿಂದ ಏಪ್ಸ್ ಕಡೆಗೆ ನಡೆಯುತ್ತಿವೆ. ಕೆಳಗೆ ಕಂಬಗಳು ಹೇಳುವುದನ್ನೇ ಮೇಲೆ ಚಿತ್ರವೂ ಹೇಳುತ್ತದೆ.

ಪೂರ್ವದ ದೇಶಗಳಲ್ಲೂ ಹೀಗೇನಾ?

ಎಲುಬು ಅದೇ, ಮೈ ಬೇರೆ. ಬೆತ್ಲೆಹೆಮ್‌ನಲ್ಲಿ ಕಾನ್‌ಸ್ಟಂಟೈನ್ ಕಟ್ಟಿಸಿದ್ದಕ್ಕೆ ಏಪ್ಸ್ ಬದಲು ಕ್ರಿಸ್ತ ಹುಟ್ಟಿದ ಗುಹೆಯ ಮೇಲೆ ಎಂಟು ಮೂಲೆಯ ಕಟ್ಟಡ ಇತ್ತು. 6ನೇ ಶತಮಾನದಲ್ಲಿ ಅದನ್ನು ತೆಗೆದು ದೊಡ್ಡದಾಗಿ ಕಟ್ಟಿದರು. ಈಗ ಕಾಣುವುದು ಹೆಚ್ಚಾಗಿ ಅದೇ. ಹಳೆಯ ಮೊಸಾಯಿಕ್ ನೆಲ ಮರದ ಮುಚ್ಚಳಗಳ ಕೆಳಗಿದೆ. ಇಸ್ತಾಂಬುಲ್, ಥೆಸಲೊನಿಕಿ ಕಡೆ ಪಕ್ಕಸಾಲಿನ ಮೇಲೆ ಮಾಳಿಗೆ ಇಡುವುದು ರೂಢಿ. ಉತ್ತರ ಸಿರಿಯಾದಲ್ಲಿ ಎಲ್ಲ ಕಲ್ಲು. ಅಲ್ಲಿನ ಕಲಾತ್ ಸಿಮಾನ್ ನನಗೆ ಬಹಳ ಇಷ್ಟ. ಕಂಬದ ಮೇಲೆ ಹತ್ತಾರು ವರ್ಷ ತಪಸ್ಸು ಮಾಡಿ 459ರಲ್ಲಿ ತೀರಿಕೊಂಡ ಸಂತ ಸಿಮೆಯೋನನ ಕಂಬವನ್ನು ನಡುವೆ ಇಟ್ಟು, ನಾಲ್ಕು ದಿಕ್ಕಿಗೂ ಒಂದೊಂದು ಬೆಸಿಲಿಕಾ ಕಟ್ಟಿದರು.

ಕಾರ್ಲೆಯ ಬೌದ್ಧ ಚೈತ್ಯ ಹೀಗೇ ಇದೆಯಲ್ಲ! ಇಲ್ಲಿಂದ ಅಲ್ಲಿಗೆ ಹೋಯ್ತಾ?

ಎದ್ದು ನಿಂತು ಕೇಳುವವರು ಇರುತ್ತಾರೆ, ಪ್ರತಿ ಸಲ. ಹೋಲಿಕೆ ನಿಜ. ಉದ್ದ ಹಜಾರ, ಕಂಬಸಾಲು, ದುಂಡಗಿನ ತುದಿ. ಕಾರ್ಲೆ ಬೆಸಿಲಿಕಾ ಇಗರ್ಜಿಗಳಿಗಿಂತ ಹಳೆಯದೂ ಹೌದು. ಆದರೆ ಒಂದರಿಂದ ಇನ್ನೊಂದು ಹುಟ್ಟಿತು ಅನ್ನಲು ಆಧಾರ ಇಲ್ಲ, ಕೆಲಸವೂ ಬೇರೆ. ಚೈತ್ಯದಲ್ಲಿ ಕಂಬಸಾಲು ಸ್ತೂಪದ ಹಿಂದಿನಿಂದ ಸುತ್ತಿ ಬರುತ್ತದೆ, ಪ್ರದಕ್ಷಿಣೆಗೆ. ಬೆಸಿಲಿಕಾದಲ್ಲಿ ಏಪ್ಸ್ ಮುಚ್ಚಿದ ತುದಿ, ಅಲ್ಲಿ ಒಬ್ಬ ಮನುಷ್ಯ ಜನರ ಕಡೆ ಮುಖ ಮಾಡಿ ಕೂತಿದ್ದಾನೆ. ಬೆಳಕೂ ಬೇರೆ. ಕಾರ್ಲೆಯಲ್ಲಿ ಬಾಗಿಲ ಮೇಲಿನ ದೊಡ್ಡ ಕಿಟಕಿಯಿಂದ, ಇಲ್ಲಿ ಎರಡೂ ಬದಿಯ ಎತ್ತರದಿಂದ. ಐಹೊಳೆಯ ದುರ್ಗ ಗುಡಿಯ ದುಂಡು ಬೆನ್ನು ನೋಡಿದವರಿಗೂ ಇದೇ ಉತ್ತರ: ಅಲ್ಲಿ ಹೊರಗಿನ ಕಂಬದ ಜಗಲಿ ಸುತ್ತಲಿಕ್ಕೆ ಇದೆ.

ಹಾಗಿಯಾ ಸೋಫಿಯಾದ ಗುಮ್ಮಟ ಬಂದಮೇಲೆ ಬೆಸಿಲಿಕಾ ಕಥೆ ಮುಗೀತಾ?

ಪೂರ್ವದಲ್ಲಿ ಹೆಚ್ಚುಕಮ್ಮಿ ಹೌದು. 532ರಿಂದ 537ರ ನಡುವೆ ಇಸ್ತಾಂಬುಲ್‌ನಲ್ಲಿ ಕಟ್ಟಿದ ಹಾಗಿಯಾ ಸೋಫಿಯಾ ಕೂಡ ನೆಲದ ನಕ್ಷೆಯಲ್ಲಿ ಅರ್ಧ ಬೆಸಿಲಿಕಾನೇ, ಉದ್ದ ಹಜಾರದ ನಡುವೆ ಗುಮ್ಮಟ ಕೂರಿಸಿದ್ದಾರೆ. ಮೊದಲ ಗುಮ್ಮಟ 558ರಲ್ಲಿ ಕುಸಿಯಿತು, ಮತ್ತೆ ಎತ್ತರವಾಗಿ ಕಟ್ಟಿದರು. ಅಲ್ಲಿಂದ ಮುಂದೆ ಪೂರ್ವದವರ ಮನಸ್ಸು ಗುಮ್ಮಟದ ಕಡೆ ವಾಲಿತು. ಪಶ್ಚಿಮದಲ್ಲಿ ಉದ್ದ ಹಜಾರವೇ ಉಳಿಯಿತು. ಗಾಥಿಕ್ ಕ್ಯಾಥೆಡ್ರಲ್‌ಗಳಲ್ಲೂ ಒಳಗೆ ಇದೇ ನಡುಹಜಾರ, ಪಕ್ಕಸಾಲು, ಮೇಲಿನ ಕಿಟಕಿ.

ರೋಮ್‌ನಲ್ಲಿ ಒಂದೇ ದಿನ ಇದೆ. ಯಾವುದು ನೋಡಲಿ?

ಬೆಳಿಗ್ಗೆ ಸಾನ್ ಕ್ಲೆಮೆಂಟೆ. ಮೇಲೆ 12ನೇ ಶತಮಾನದ ಇಗರ್ಜಿ, ಒಂದು ಅಂತಸ್ತು ಕೆಳಗೆ ಹಳೆಯ ಬೆಸಿಲಿಕಾ, ಅದರ ಕೆಳಗೆ ರೋಮನ್ ಮನೆ ಮತ್ತು ಮಿತ್ರಾಸ್ ಎಂಬ ರೋಮನ್ ಕಾಲದ ದೇವರ ಗುಡಿ. ಕೆಳಗಿಳಿಯಲು ಟಿಕೆಟ್ ಬೇಕು, ತಂಪಿರುತ್ತದೆ. ಆಮೇಲೆ ಸಾಂತಾ ಮರಿಯಾ ಮಜ್ಜೋರೆ. ಅಲ್ಲಿ ಬಂಗಾರದ ಚಾವಣಿ ನೋಡಿ ಮರುಳಾಗಬೇಡಿ, ಅದು ಸಾವಿರ ವರ್ಷ ಆಮೇಲಿನದು. ಕಂಬಗಳ ಮೇಲಿನ ಚಿಕ್ಕ ಚಿಕ್ಕ ಮೊಸಾಯಿಕ್ ಚೌಕಗಳು 5ನೇ ಶತಮಾನದವು. ದುರ್ಬೀನು ಇದ್ದರೆ ಒಯ್ಯಿರಿ.

ಮಧ್ಯಾಹ್ನದ ಮೇಲೆ ಅವೆಂಟೈನ್ ಗುಡ್ಡ ಹತ್ತಿ ಸಾಂತಾ ಸಬೀನಾಕ್ಕೆ ಹೋಗಿ. ಒಂದೇ ನೋಡಲು ಸಮಯ ಇದ್ದರೂ ಇದನ್ನೇ ನೋಡಿ. 422ರಿಂದ 432ರ ನಡುವೆ ಇಲಿರಿಯಾದ ಪೇತ್ರ ಎಂಬ ಗುರು ಕಟ್ಟಿಸಲು ಶುರುಮಾಡಿದ್ದು. ಬಾಗಿಲ ಮೇಲಿನ ಮೊಸಾಯಿಕ್ ಬರಹದಲ್ಲಿ ಅವನ ಹೆಸರಿದೆ. ಮೊಗಸಾಲೆಯ ಮರದ ಬಾಗಿಲೂ ಅದೇ ಕಾಲದ್ದು, ಸೈಪ್ರೆಸ್ ಮರ. ಎಡಗಡೆ ಮೇಲಿನ ಮೂಲೆಯ ಪುಟ್ಟ ಹಲಗೆಯಲ್ಲಿ ಕೈ ಚಾಚಿ ನಿಂತ ಮೂರು ಜನರಿದ್ದಾರೆ. ಶಿಲುಬೆಗೇರಿದ ಕ್ರಿಸ್ತನ ಅತಿ ಹಳೆಯ ಚಿತ್ರಗಳಲ್ಲಿ ಅದೊಂದು. ಹೊರಗೆ ಬಂದರೆ ಪಕ್ಕದಲ್ಲೇ ಕಿತ್ತಳೆ ತೋಟ. ಅದರ ಕಟ್ಟೆಯಿಂದ ನದಿಯಾಚೆ ಸಂತ ಪೇತ್ರರ ಗುಮ್ಮಟ ಕಾಣುತ್ತದೆ. ಅದಕ್ಕೆ ಜಾಗ ಮಾಡಲು 1506ರಿಂದ ಹಳೆಯ ಬೆಸಿಲಿಕಾವನ್ನು ತುಂಡು ತುಂಡಾಗಿ ಕೆಡವಿದರು, ನೂರು ವರ್ಷ ಹಿಡಿಯಿತು.